ಕೊಟ್ಟದ್ದರ ಅಳತೆ

ಈಶಾವಾಸ್ಯೋಪನಿಷತ್ತಿನ ಮೊದಲನೆಯ ಮಂತ್ರಕ್ಕೆ ಶ್ರೀಮದಾಚಾರ್ಯರು ಹೇಳಿರುವ ಅರ್ಥವು ಬೇರೆಯ ವ್ಯಾಖ್ಯಾನಗಳಿಗಿಂತ ಭಿನ್ನವೆಂಬುದನ್ನು ಪ್ರವಚನಗಳನ್ನು ಕೇಳಿದ ಸಜ್ಜನರು ಬಲ್ಲರು. ಇತರರು ಅಲ್ಲಿ ತ್ಯಾಗವನ್ನು ಕಂಡರು. ನಮ್ಮ ಆಚಾರ್ಯರಾದರೋ ಆ ಸ್ಥಳದ ಶಬ್ದಕ್ಕೆ ‘ಕೊಡಲ್ಪಟ್ಟದ್ದು’ ಎಂದು ಅರ್ಥಮಾಡಿ, ಶ್ರೀಹರಿಯು ಕೊಟ್ಟದ್ದರಿಂದ ಜೀವಿಸಬೇಕು, ಅನ್ಯರಲ್ಲಿ ಧನವನ್ನು ಬಯಸಬಾರದು ಎಂಬ ತಾತ್ಪರ್ಯವನ್ನು ತಿಳಿಸಿದರು. ಗೃಹಸ್ಥನಿಗೆ ಈ ಅರ್ಥವು ಮೇಲುನೋಟಕ್ಕೆ ಹಗುರವೆಂದು ತೋರುತ್ತದೆ. ಬಿಡಬೇಕಾದುದೇನೂ ಇಲ್ಲ, ಕೊಟ್ಟದ್ದನ್ನು ಉಣ್ಣಬಹುದು. ಆದರೆ ಕೊಟ್ಟದ್ದು ಎಂದೊಡನೆಯೇ, ಎಷ್ಟು ಕೊಟ್ಟದ್ದು ಎಂಬ ಪ್ರಶ್ನೆ ಏಳುತ್ತದೆ. ನಲ್ಲಿ ತಿರುಗಿಸಿದರೆ ಬರುವ ನೀರೆಲ್ಲವೂ, ಹಣ ತೆತ್ತರೆ ಅಂಗಡಿಯಲ್ಲಿ ದೊರೆಯುವ ಪದಾರ್ಥವೆಲ್ಲವೂ ನಮಗಾಗಿಯೇ ಕೊಟ್ಟದ್ದೇ?

ಹಿಂದಿನ ಮನೆಗಳಲ್ಲಿ ಇದಕ್ಕೆ ಉತ್ತರವನ್ನು ಹುಡುಕಬೇಕಾಗಿರಲಿಲ್ಲ. ಬಾವಿಯಿಂದ ಸೇದುವ ನೀರಿಗೆ ತೋಳಿನ ಬಲವೇ ಅಳತೆಯಾಗಿತ್ತು. ಮಡಿಯಲ್ಲಿ ತಂದ ಕೊಡದ ನೀರನ್ನು ಯಾರೂ ಸುಮ್ಮನೆ ಚೆಲ್ಲುತ್ತಿರಲಿಲ್ಲ. ಅಕ್ಕಿ ತೊಳೆದ ನೀರೂ ತರಕಾರಿಯ ಸಿಪ್ಪೆಯೂ ಕಲಗಚ್ಚಿನ ಬಾನಿಗೆ ಬಿದ್ದು ಹಸುವಿನ ಹೊಟ್ಟೆಯನ್ನು ಸೇರುತ್ತಿದ್ದವು. ಬಚ್ಚಲ ನೀರು ಹಿತ್ತಿಲ ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಆ ಬಾಳೆಯ ಎಲೆಯೇ ಪಂಕ್ತಿಗೆ ಬಂದು, ಉಂಡ ಮೇಲೆ ಗೊಬ್ಬರವಾಗುತ್ತಿತ್ತು. ಇದಕ್ಕಾಗಿ ಹಿರಿಯರನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ನೀರು ಸೇದುವ ಶ್ರಮವು ಬಹುಮಟ್ಟಿಗೆ ಮನೆಯ ಹೆಂಗಸರ ಪಾಲಿನದಾಗಿತ್ತು; ಅದು ತಪ್ಪಿದ್ದು ಒಳ್ಳೆಯದೇ ಆಯಿತು. ಶ್ರಮದ ಜೊತೆಗೆ ಅಳತೆಯೂ ಹೊರಟುಹೋಯಿತೆಂಬುದೇ ಚಿಂತಿಸಬೇಕಾದ ಸಂಗತಿ. ತೋಳು ಮಾಡುತ್ತಿದ್ದ ಕೆಲಸವನ್ನು ಈಗ ವಿವೇಕವು ಮಾಡಬೇಕಾಗಿದೆ.

ಮಡಿ ಮೈಲಿಗೆಯುಳ್ಳ ಮನೆಯಲ್ಲಿ ನೀರಿಗೆ ಜಿಪುಣತನ ಸಲ್ಲದೆಂದು ಕೆಲವರು ಆಕ್ಷೇಪಿಸುವುದುಂಟು. ಶೌಚಕ್ಕೆ ನೀರು ಅವಶ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಚಮನಕ್ಕೆ ಶಾಸ್ತ್ರವು ವಿಧಿಸಿರುವ ನೀರೆಷ್ಟು? ಅಂಗೈಯಲ್ಲಿ ಒಂದು ಉದ್ದಿನ ಕಾಳು ಮುಳುಗುವಷ್ಟು. ಅಷ್ಟರಿಂದಲೇ ದೇಹವು ಕರ್ಮಕ್ಕೆ ಯೋಗ್ಯವಾಗುತ್ತದೆ. ವಿಧಿಯೂ ಭಗವತ್ಸ್ಮರಣೆಯೂ ಶುದ್ಧಿಗೆ ಕಾರಣವೇ ಹೊರತು ನೀರಿನ ರಾಶಿಯಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕೇ? ಉದ್ಧರಣೆಯಿಂದ ಕಾಳಿನ ಅಳತೆಯ ನೀರನ್ನು ತೆಗೆದುಕೊಳ್ಳುತ್ತಿರುವಾಗ ಬಚ್ಚಲಿನಲ್ಲಿ ನಲ್ಲಿಯು ತಾನೇ ಸುರಿಯುತ್ತಿದ್ದರೆ, ಆ ಕರ್ಮವನ್ನು ಏನೆನ್ನಬೇಕೋ ತಿಳಿಯದು. 2024ರ ಬೇಸಗೆಯಲ್ಲಿ ಬೆಂಗಳೂರಿನ ಅನೇಕ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೆ ಜಲಮಂಡಳಿಯು 5000 ರೂಪಾಯಿ ದಂಡವನ್ನು ಗೊತ್ತುಮಾಡಬೇಕಾಯಿತು. ದಂಡದ ಭಯದಿಂದ ಮುಚ್ಚಿದ ನಲ್ಲಿಯು ಮಳೆ ಬಂದೊಡನೆ ಮತ್ತೆ ತೆರೆಯುತ್ತದೆ. ಕೊಡ ಹಿಡಿದು ಟ್ಯಾಂಕರಿಗಾಗಿ ಬೀದಿಯಲ್ಲಿ ಕಾಯುವವನಿಗೂ ಅದೇ ಶ್ರೀಹರಿಯು ಪಾಲನ್ನು ಇಟ್ಟಿದ್ದಾನೆ, ನಾವು ಚೆಲ್ಲಿದ ಬಿಂದಿಗೆಯು ಆ ಪಾಲಿನದು ಎಂಬ ಅರಿವಿನಿಂದ ಮುಚ್ಚಿದರೆ ಅದರ ರೀತಿಯೇ ಬೇರೆ. ದೇವತೆಗಳು ಕೊಟ್ಟದ್ದನ್ನು ಹಿಂದಿರುಗಿಸದೆ ತಾನೊಬ್ಬನೇ ಉಣ್ಣುವವನನ್ನು ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು ಕಳ್ಳನೆಂದೇ ಕರೆದಿದ್ದಾನೆ. ಮಾತು ಕಠಿಣವಾದುದು, ಆದರೆ ಅದನ್ನು ಮೃದುಗೊಳಿಸುವ ಅಧಿಕಾರ ನಮಗಿಲ್ಲ.

ಮತ್ತೊಂದು ವಿಷಯವನ್ನು ಹೇಳಲು ಸಂಕೋಚವಾಗುತ್ತದೆ. ದೇವರ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿ ಕಟ್ಟಿ, ಸೇತುವೆಯ ಮೇಲಿನಿಂದ ನದಿಗೆ ಎಸೆದು ಕೈಮುಗಿಯುವವರಿದ್ದಾರೆ. ತುಳಸಿಯೂ ಹೂವೂ ಮಣ್ಣಾಗುವ ವಸ್ತುಗಳು, ಚೀಲವು ಮಣ್ಣಾಗದು. ನಿರ್ಮಾಲ್ಯವನ್ನು ಕಾಲು ತುಳಿಯದ ಕಡೆ ಗಿಡದ ಬುಡದಲ್ಲಿ ಹಾಕುವ ಪದ್ಧತಿ ಮೊದಲಿನಿಂದಲೂ ಇದೆ. ಬಹುಮಹಡಿಯ ಮನೆಯವರಿಗೆ ಮಣ್ಣು ತುಂಬಿದ ಒಂದು ದೊಡ್ಡ ಕುಂಡ ಸಾಕು. ಜಗತ್ತು ಮಿಥ್ಯೆಯಲ್ಲ, ಸತ್ಯ ಎಂದು ಸಾಧಿಸುವ ಸಿದ್ಧಾಂತ ನಮ್ಮದು. ನದಿಯು ಸತ್ಯವಾದರೆ ಅದರಲ್ಲಿ ತೇಲುವ ಚೀಲವೂ ಸತ್ಯವೇ, ಅದನ್ನು ನುಂಗಿದ ಹಸುವಿನ ಸಂಕಟವೂ ಸತ್ಯವೇ. ಎಲ್ಲವೂ ಮಾಯೆಯೆಂದು ಪಕ್ಕಕ್ಕೆ ಸರಿಯುವ ಅನುಕೂಲ ಮಾಧ್ವರಿಗೆ ಇಲ್ಲ.

ಸಮಾರಾಧನೆಗಳಲ್ಲಿ ಪ್ಲಾಸ್ಟಿಕ್ ಲೇಪದ ಎಲೆಗಳೂ ಲೋಟಗಳೂ ಕಾಣಿಸಿಕೊಳ್ಳುತ್ತಿವೆ. ಬಾಳೆಲೆ ದೊರೆಯದಿದ್ದರೆ ಮುತ್ತುಗದ ಎಲೆಯಿದೆ, ತೊಳೆದಿಡಲು ಸ್ಟೀಲಿನ ಲೋಟಗಳಿವೆ. ಎಲೆಯ ಮೇಲೆ ಬಿಟ್ಟೇಳುವ ಅನ್ನದ ವಿಷಯ ಇನ್ನೂ ದೊಡ್ಡದು. ಅದು ನೈವೇದ್ಯವಾದ ಅನ್ನ. ಪರಿಷೇಚನೆ ಮಾಡಿ, ಪ್ರಾಣಾಹುತಿ ಕೊಟ್ಟು, ವೈಶ್ವಾನರನಿಗೆ ಅರ್ಪಿಸಿ ಉಣ್ಣತೊಡಗಿದುದನ್ನು ಅರ್ಧಕ್ಕೆ ಬಿಟ್ಟರೆ ಯಜ್ಞವೇ ಅರ್ಧಕ್ಕೆ ನಿಂತಂತೆ. ಇಲ್ಲಿ ಉಣ್ಣುವವರಷ್ಟೇ ಬಡಿಸುವವರ ಹೊಣೆಯೂ ಇದೆ. ‘ಸಾಕು’ ಎಂದು ಕೈ ಅಡ್ಡ ಹಿಡಿದವರಿಗೆ ಬೆರಳ ಸಂದಿನಿಂದ ಇನ್ನೊಂದು ಸೌಟು ಸುರಿಯುವುದನ್ನು ಉಪಚಾರವೆಂದು ಭಾವಿಸುವ ಅಭ್ಯಾಸವು ನಮ್ಮಲ್ಲಿ ಬಲವಾಗಿ ಬೇರೂರಿದೆ.

ಅಳತೆಯನ್ನು ಕಲಿಸಲು ನಮಗೆ ಚಾತುರ್ಮಾಸ್ಯವಿದೆ. ಮೊದಲ ತಿಂಗಳು ಕಾಯಿಪಲ್ಲೆ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ ಎಂದು ಒಂದೊಂದನ್ನೇ ಬಿಟ್ಟು, ಬೇಕೇ ಬೇಕೆಂದು ನಂಬಿದ್ದ ವಸ್ತುವಿಲ್ಲದೆಯೂ ದಿನ ಕಳೆಯುವುದನ್ನು ಮಕ್ಕಳು ಮೊದಲ್ಗೊಂಡು ಮನೆಮಂದಿಯೆಲ್ಲ ಕಾಣುತ್ತಾರೆ. ವ್ರತದ ಪುಡಿಗಳೂ ಈಗ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿಯೇ ಬರುತ್ತಿವೆಯೆಂಬುದು ಬೇರೆಯ ಮಾತು. ಮುಂದಿನ ಶಯನೀ ಏಕಾದಶಿಯ ಹೊತ್ತಿಗೆ ಮನೆಯ ಯಜಮಾನರೂ ಮಾತೆಯರೂ ಕೂಡಿ ಇನ್ನೊಂದು ನಿಯಮವನ್ನೂ ಹಿಡಿಯಬಹುದು: ಅಂಗಡಿಗೆ ಬಟ್ಟೆಯ ಚೀಲವಿಲ್ಲದೆ ಹೋಗುವುದಿಲ್ಲ, ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲದೆ ಕರಿಬೇವಿನ ಗಿಡಕ್ಕೆ ಹಾಕುತ್ತೇವೆ ಎಂದು. ನಾಲ್ಕು ತಿಂಗಳು ನಡೆಸಿದ ನಿಯಮವು ಐದನೆಯ ತಿಂಗಳಿನಲ್ಲಿ ಭಾರವೆನಿಸುವುದಿಲ್ಲ. ಉತ್ಥಾನ ದ್ವಾದಶಿಯಂದು ವ್ರತವನ್ನು ಸಮರ್ಪಿಸಿದ ಮೇಲೆ ತೊಗರಿಬೇಳೆಯು ಒಲೆಯ ಮೇಲೆ ಮತ್ತೆ ಬೇಯಲಿ; ಪ್ಲಾಸ್ಟಿಕ್ ಚೀಲವು ಮಾತ್ರ ಹಿಂದಿರುಗಿ ಬರಬೇಕಾಗಿಲ್ಲ.

ಶ್ರೀಕೃಷ್ಣಾರ್ಪಣಮಸ್ತು