ಎಷ್ಟು ವರ್ಷ ಬಾಳಿದರೆ ನಮ್ಮವರು?



ಈಚೆಗೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ದೇವಾಲಯದ ಮೆಟ್ಟಿಲ ಬಳಿ ತಡೆದು ನಿಲ್ಲಿಸಿದರು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ ನಡೆಸುವವರು. "ಸ್ವಾಮಿ, ಕಾಗದಪತ್ರವಿಲ್ಲದೆ ಹೊರದೇಶದಿಂದ ಬಂದು ನೆಲೆಸಿದವರನ್ನು ಕಳುಹಿಸಿಬಿಡಬೇಕೋ, ಬೇಡವೋ? ಒಂದೇ ಮಾತಿನಲ್ಲಿ ಹೇಳಿ" ಎಂದರು. ಒಂದೇ ಮಾತಿನಲ್ಲಿ ಹೇಳಲು ನನ್ನಿಂದಾಗಲಿಲ್ಲ.

ಅವರ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬುದ್ಧಗಯೆಯ ಬಾಂಬ್ ಪ್ರಕರಣದಲ್ಲಿ ಬೇಕಾಗಿದ್ದ ಬಾಂಗ್ಲಾದೇಶದವನೊಬ್ಬನನ್ನು 2018ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆಯವರು ಹಿಡಿದದ್ದು ನಮ್ಮ ರಾಮನಗರದಲ್ಲಿಯೇ. ಗಡಿಯನ್ನು ಕಾಯುವುದು ರಾಜ್ಯದ ಕರ್ತವ್ಯ. ವಲಸೆ ಬಂದವನು ಆಶ್ರಯ ಕೊಟ್ಟ ನಾಡಿನ ಕಾನೂನಿಗೆ ವಿಧೇಯನಾಗಿರಬೇಕೆಂದು ಧರ್ಮಸಭೆಯ ಉಪದೇಶಗ್ರಂಥವೂ ಹೇಳುತ್ತದೆ.

ಆದರೆ ಒಬ್ಬ ಅಪರಾಧಿಯನ್ನು ಹಿಡಿಯುವುದು ಬೇರೆ, ಒಂದು ಭಾಷೆಯಾಡುವ ಬಡವರನ್ನೆಲ್ಲ ಹಿಡಿಯುವುದು ಬೇರೆ. 2019ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಪೊಲೀಸರು ಹೆಂಗಸರು ಮಕ್ಕಳೂ ಸೇರಿ ಸುಮಾರು 60 ಜನರನ್ನು ಬಾಂಗ್ಲಾದೇಶದವರೆಂದು ವಶಕ್ಕೆ ತೆಗೆದುಕೊಂಡು, ಮುಂದಿನ ತಿಂಗಳು ರೈಲಿನಲ್ಲಿ ಬಂಗಾಳಕ್ಕೆ ಸಾಗಿಸಿದರು. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಇದೇ ಆಪಾದನೆಯ ಮೇಲೆ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿದ್ದವರಲ್ಲಿ ಅನೇಕರು ಅಸ್ಸಾಮಿನವರು, ತ್ರಿಪುರದವರು. ನಮ್ಮ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು! ಉಚ್ಚ ನ್ಯಾಯಾಲಯ ಮಧ್ಯೆ ಬರಬೇಕಾಯಿತು. ಮಾಗಡಿ ರಸ್ತೆಯ ತಾವರೆಕೆರೆಯಿಂದ ನೆಲಮಂಗಲದ ಕಡೆಗೆ ಹೋದರೆ ಸೊಂಡೆಕೊಪ್ಪ ಸಿಗುತ್ತದೆ. ವಿದೇಶಿಯರನ್ನು ಇರಿಸುವ ಬಂಧನ ಕೇಂದ್ರ ಇರುವುದು ಅಲ್ಲಿ. ಆ ದಾರಿಯಲ್ಲಿ ಓಡಾಡುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ?

ಈಗ ನಿಜವಾದ ಪ್ರಶ್ನೆಗೆ ಬರೋಣ. ಕಳ್ಳದಾರಿಯಲ್ಲಿ ಬಂದದ್ದು ನಿಜವೇ ಇರಲಿ. ಆದರೆ ಬಂದು ಇಪ್ಪತ್ತು ವರ್ಷ ದುಡಿದು, ಇಲ್ಲಿಯೇ ಮಕ್ಕಳನ್ನು ಹೆತ್ತವನಿಗೆ ಆ ಇಪ್ಪತ್ತು ವರ್ಷ ಲೆಕ್ಕಕ್ಕಿಲ್ಲವೇ?

ಕನಕಪುರದ ಕಡೆಯ ರೈತರಿಗೆ ಹನ್ನೆರಡು ವರ್ಷದ ಮಾತು ಹೇಳಿಕೊಡಬೇಕಾಗಿಲ್ಲ. ಮತ್ತೊಬ್ಬನ ಜಮೀನಿನಲ್ಲಿ ಬಹಿರಂಗವಾಗಿ, ಅಡ್ಡಿಯಿಲ್ಲದೆ 12 ವರ್ಷ ಅನುಭವದಲ್ಲಿದ್ದವನು ಹಕ್ಕು ಕೇಳಬಹುದೆಂದು ಕಾನೂನೇ ಒಪ್ಪುತ್ತದೆ. ಮಣ್ಣಿನ ವಿಷಯದಲ್ಲಿ ಕಾಲಕ್ಕೆ ಬೆಲೆಯಿದೆ. ಮನುಷ್ಯನ ವಿಷಯದಲ್ಲಿ ಇಲ್ಲ. ಪೌರತ್ವ ಕಾಯಿದೆಯಂತೆ ಅಕ್ರಮವಾಗಿ ಬಂದವನು ಎಷ್ಟೇ ವರ್ಷ ಬಾಳಿದರೂ ಪೌರನಾಗಲಾರ. 2004ರ ಡಿಸೆಂಬರ್ 3ರ ನಂತರ ಇಲ್ಲಿ ಹುಟ್ಟಿದ ಮಗುವಿನ ತಂದೆತಾಯಿಯರಲ್ಲಿ ಒಬ್ಬರು ಅಂಥವರಾಗಿದ್ದರೂ ಮಗುವಿಗೆ ಜನ್ಮದಿಂದ ಪೌರತ್ವವಿಲ್ಲ. ಆ ಮಗು ಯಾವ ಗಡಿಯನ್ನು ದಾಟಿತು? ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿಯನ್ನು ಅವಳು ಕಂಡೇ ಇಲ್ಲದ ದೇಶಕ್ಕೆ 'ಮರಳಿ' ಕಳುಹಿಸುವುದೆಂದರೆ ಏನರ್ಥ?

ಸಂತ ಥಾಮಸ್ ಅಕ್ವಿನಾಸರು ಹಳೆಯ ಒಡಂಬಡಿಕೆಯ ಧರ್ಮಶಾಸ್ತ್ರವನ್ನು ವಿವರಿಸುತ್ತಾ ಪರದೇಶಿಗಳನ್ನು ಬಂದ ಕೂಡಲೇ ಪ್ರಜೆಗಳಾಗಿ ಸೇರಿಸಿಕೊಳ್ಳುತ್ತಿರಲಿಲ್ಲ, ಕೆಲವರನ್ನು ಮೂರನೆಯ ತಲೆಮಾರಿನಲ್ಲಿ ಸೇರಿಸಿಕೊಳ್ಳುತ್ತಿದ್ದರು ಎನ್ನುತ್ತಾರೆ. ಎಚ್ಚರಿಕೆಯ ಮಾತೇ ಹೌದು. ಆದರೂ ಅಲ್ಲಿ ಬಾಗಿಲಿದೆ. ಕಾಲ ಅದನ್ನು ತೆರೆಯುತ್ತದೆ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಬಂದು ಕಲಿಸಿದರೆಂದು ಹೇಳುವ ಚನ್ನಪಟ್ಟಣದ ಬೊಂಬೆ ಇಂದು ಯಾರದು?

ಎರಡನೆಯ ವ್ಯಾಟಿಕನ್ ಮಹಾಸಭೆ ಮಾನವ ಘನತೆಗೆ ಕಳಂಕ ತರುವ ಕೃತ್ಯಗಳ ಪಟ್ಟಿಯಲ್ಲಿ ಗುಲಾಮಗಿರಿಯ ಜೊತೆ ಗಡಿಪಾರನ್ನೂ ಸೇರಿಸಿದೆ. ಗುರುಮಠದಲ್ಲಿ ಅದನ್ನು ಓದುವಾಗ, ಇದು ಹಿಟ್ಲರ್, ಸ್ಟಾಲಿನ್‌ರ ರೈಲುಗಳ ಮಾತು, ನಮಗಲ್ಲ ಎಂದುಕೊಂಡು ಪುಟ ತಿರುವಿದ್ದೆ. ಪ್ರತಿಯೊಂದು ಗಡಿಪಾರೂ ಅದೇ ಪಾಪವೆಂದು ಈಗಲೂ ಹೇಳಲಾರೆ. ಆದರೆ ಒಬ್ಬೊಬ್ಬರ ಅಹವಾಲು ಕೇಳದೆ ಗುಂಪುಗುಂಪಾಗಿ ಸಾಗಿಸುವಾಗ ಆ ಸಾಲು ನೆನಪಾಗುತ್ತದೆ. ಜಗದ್ಗುರು ಫ್ರಾನ್ಸಿಸ್‌ರು ತೀರಿಕೊಳ್ಳುವ ಎರಡು ತಿಂಗಳ ಮುಂಚೆ, 2025ರ ಫೆಬ್ರವರಿಯಲ್ಲಿ, ಅಮೆರಿಕದ ಧರ್ಮಾಧ್ಯಕ್ಷರಿಗೆ ಪತ್ರ ಬರೆದದ್ದು ಇದನ್ನು ಕುರಿತೇ.

ಇನ್ನೊಂದು ಮಾತು ಹೇಳಲು ಸಂಕೋಚವಾಗುತ್ತದೆ. ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ 2014ರ ಕೊನೆಯೊಳಗೆ ಬಂದ ಕ್ರೈಸ್ತರಿಗೆ 2019ರ ತಿದ್ದುಪಡಿ ಬಾಗಿಲು ತೆರೆದಿದೆ, ಮುಸ್ಲಿಮರಿಗೆ ತೆರೆದಿಲ್ಲ. ನಮ್ಮವರು ಒಳಗಿದ್ದಾರೆಂದು ನಾವು ಸುಮ್ಮನಿರಬಹುದೇ? ಕಡೆಯ ತೀರ್ಪಿನಲ್ಲಿ ಪ್ರಭು ಪರದೇಶಿಯನ್ನು ಬರಮಾಡಿಕೊಂಡೆಯಾ ಎಂದು ವಿಚಾರಿಸುತ್ತಾರೆ. ಅವನ ಮತ ಯಾವುದೆಂದು ವಿಚಾರಿಸುವುದಿಲ್ಲ. ನಮ್ಮ ಮನೆಗಳಿಂದ ಕೊಲ್ಲಿಗೆ ಹೋಗಿ ವೀಸಾ ಮುಗಿದ ಮೇಲೂ ಉಳಿದವರಿಲ್ಲವೇ? 2018ರಲ್ಲಿ ಕುವೈತ್ ಮತ್ತು ಎಮಿರೇಟ್ಸ್ ಸರ್ಕಾರಗಳು ಕ್ಷಮಾದಾನ ಸಾರಿದಾಗ ಆ ಮನೆಗಳಲ್ಲಿ ಜಪಸರ ಹೇಳಿ ಕೃತಜ್ಞತೆ ಸಲ್ಲಿಸಿದರು. ಅವರನ್ನು ನಾವು ಯಾರೂ ನುಸುಳುಕೋರರೆಂದು ಕರೆಯಲಿಲ್ಲ.

ಆ ಹಿರಿಯರು ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದ್ದು ಬೇರೆಯೇ. ತಮ್ಮ ಘಟಕದಲ್ಲಿ ಬಂಗಾಳಿ ಮಾತನಾಡುವ ಒಂದು ಸಂಸಾರ ಒಂಬತ್ತು ವರ್ಷದಿಂದಿದೆ, ಪೊಲೀಸರು ಬಂದರೆ ಏನು ಮಾಡಲಿ ಎಂಬುದೇ ಅವರ ಚಿಂತೆ. ಸುಳ್ಳು ಹೇಳಬೇಡಿ, ಬಚ್ಚಿಡಬೇಡಿ, ಇರುವ ಕಾಗದಗಳನ್ನೆಲ್ಲ ಈಗಲೇ ಒಂದೆಡೆ ಸೇರಿಸಿಡಲು ಹೇಳಿ ಎಂದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ನ್ಯಾಯಾಲಯದ ಬಳಿಯೇ ಉಚಿತ ಕಾನೂನು ನೆರವು ಸಿಗುತ್ತದೆ. ಸೋಮವಾರ ಅವರೊಡನೆ ನಾನೂ ಹೋಗಬೇಕೆಂದಿದ್ದೇನೆ.