ಶಿಶುಗಳ ಉಪಕಾರಸ್ಮರಣೆ

ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಶುದ್ಧರಾದ ಹತ್ತು ಮಂದಿ ಕುಷ್ಠರೋಗಿಗಳೊಳಗೆ ಸಮಾರ್ಯದವನೊಬ್ಬನೇ ಉಪಕಾರಸ್ತುತಿಗಾಗಿ ಹಿಂದಿರುಗಿದನು. ಕರ್ತನು ಮಿಕ್ಕವರನ್ನು ಕುರಿತು ವಿಚಾರಿಸಿದನೇ ಹೊರತು ಅವರಿಗೆ ಕೊಟ್ಟ ಸ್ವಸ್ಥತೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮಲ್ಲಿ ಕೆಲವರಾದರೋ, ಸ್ತೋತ್ರ ಹೇಳದ ನಾಲ್ಕು ವರುಷದ ಕೂಸಿನ ಮುಂದಿನಿಂದ ಅನ್ನದ ಬಟ್ಟಲನ್ನೇ ಎಳೆದುಕೊಳ್ಳುತ್ತಾರೆ. ಇದರಿಂದ ಕೂಸು ಕಲಿಯುವುದು ಭಯವನ್ನು.

ಜರ್ಮನಿ ದೇಶದಲ್ಲಿ ಶಿಶುವಿಹಾರವನ್ನು ಸ್ಥಾಪಿಸಿದ ಫ್ರೋಬೆಲ್ ಎಂಬವರು ತಾಯಂದಿರಿಗಾಗಿ 1844ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹುಲ್ಲು ಕೊಯ್ಯುವ ಆಟವೊಂದುಂಟು. ಅದರಲ್ಲಿ ಕೂಸು ತಾನು ಕುಡಿಯುವ ಹಾಲಿಗಾಗಿ ಹಾಲು ಕರೆದವಳನ್ನೂ ಹಸುವನ್ನೂ ಹುಲ್ಲು ಕೊಯ್ದವನನ್ನೂ ನೆನೆಯುವುದು. ನಮ್ಮ ಗ್ರಾಮಗಳಲ್ಲಿ ಇದು ಎಷ್ಟೋ ಸುಲಭ. ಹುಲ್ಲಿನ ಹೊರೆ ಹೊತ್ತವನು ಅಂಗಳದಲ್ಲೇ ನಿಂತಿರುತ್ತಾನಲ್ಲಾ! ತಾಯಿತಂದೆಗಳೇ, ಕೂಸನ್ನು ಎತ್ತಿಕೊಂಡು ಅವನ ಬಳಿಗೆ ಹೋಗಿ, ಮೊದಲು ನೀವೇ ವಂದನೆ ಹೇಳಿರಿ. ಆ ದಿನ ಕೂಸು ಬಾಯಿ ತೆರೆಯದಿದ್ದರೂ ಬಟ್ಟಲನ್ನು ಅದರ ಮುಂದೆಯೇ ಇಡಿರಿ.