ದುರಸ್ತಿಯೋ, ಬದಲಾವಣೆಯೋ?

ಒಂದು ವಸ್ತು ಕೆಟ್ಟಾಗ ಅದನ್ನು ಸರಿಪಡಿಸಬೇಕೇ ಅಥವಾ ಎಸೆದು ಹೊಸದನ್ನು ತರಬೇಕೇ? ನಾವು ಇದನ್ನು ಕೇವಲ ಖರ್ಚಿನ ಲೆಕ್ಕವೆಂದು ಭಾವಿಸುತ್ತೇವೆ. ಆದರೆ ಇದರಲ್ಲಿ ನೀತಿಯ ಪ್ರಶ್ನೆಯೂ ಅಡಗಿದೆ.

ಅಮೆರಿಕದಲ್ಲಿ 1950ರ ದಶಕದ ಷೆವರ್ಲೆ, ಫೋರ್ಡ್ ಟ್ರಕ್ಕುಗಳನ್ನು ಜತನದಿಂದ ಓಡಿಸುವವರು ಇಂದಿಗೂ ಇದ್ದಾರೆ. ಇವುಗಳ ಪೆಟ್ರೋಲ್ ಇಂಜಿನ್ನಿನಲ್ಲಿ ಯಾವ ಸಿಲಿಂಡರಿಗೆ ಯಾವಾಗ ಕಿಡಿ ಹೋಗಬೇಕೆಂದು ನಿರ್ಧರಿಸುವುದು ಡಿಸ್ಟ್ರಿಬ್ಯೂಟರ್. ಇಂಜಿನ್ ಎರಡು ಸುತ್ತು ತಿರುಗಿದರೆ ಇದು ಒಂದು ಸುತ್ತು ತಿರುಗುತ್ತದೆ. ಒಳಗಿನ ಪಾಯಿಂಟುಗಳು ತೆರೆದೊಡನೆ ಕಾಯಿಲ್‌ನಲ್ಲಿ ಹುಟ್ಟುವ ವಿದ್ಯುತ್ತು ರೋಟರಿನ ಮೂಲಕ ಸರಿಯಾದ ಪ್ಲಗ್ಗನ್ನು ತಲುಪುತ್ತದೆ. ನಮ್ಮ ಪೆಟ್ರೋಲ್ ಅಂಬಾಸಿಡರ್ ಕಾರುಗಳಲ್ಲೂ ಇದೇ ವ್ಯವಸ್ಥೆಯಿತ್ತು. ಡೀಸೆಲ್ ಲಾರಿಗಳಿಗೆ ಕಿಡಿಯೇ ಬೇಕಿಲ್ಲ.

ಪಾಯಿಂಟ್ ಸುಟ್ಟರೆ ಬದಲಿಸುವುದು ಸುಲಭ. ಆದರೆ ನಡುವಿನ ಶಾಫ್ಟಿನ ಬುಷ್ ಸವೆದರೆ ಶಾಫ್ಟು ಅಲುಗಾಡುತ್ತದೆ. ಪಾಯಿಂಟುಗಳ ನಡುವಿನ ಅಂತರ ಕ್ಷಣಕ್ಷಣಕ್ಕೂ ಬದಲಾಗಿ ಕಿಡಿಯ ಹೊತ್ತು ತಪ್ಪುತ್ತದೆ. ಎಷ್ಟು ಹೊಸ ಪಾಯಿಂಟ್ ಹಾಕಿದರೂ ರೋಗ ವಾಸಿಯಾಗದು. ಆಗ ಉಳಿಯುವ ದಾರಿಗಳು ಮೂರು: ಹಳೆಯದಕ್ಕೇ ಹೊಸ ಬುಷ್ ಕೂರಿಸುವುದು, ಇಡೀ ಡಿಸ್ಟ್ರಿಬ್ಯೂಟರನ್ನೇ ಬದಲಿಸುವುದು, ಇಲ್ಲವೇ ಹಳೆಯ ಮುಚ್ಚಳದಡಿ ಪಾಯಿಂಟಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಇಡುವುದು. ಮೂರನೆಯದಕ್ಕೂ ಶಾಫ್ಟು ಗಟ್ಟಿಯಾಗಿರಲೇಬೇಕು. 1970ರ ದಶಕದಲ್ಲಿ ಅಲ್ಲಿನ ದೊಡ್ಡ ಕಂಪೆನಿಗಳೇ ಪಾಯಿಂಟನ್ನು ಕೈಬಿಟ್ಟು ಎಲೆಕ್ಟ್ರಾನಿಕ್ ಪದ್ಧತಿಗೆ ಬಂದವು.

ಹಾಗಾದರೆ ಭಾಗಗಳೆಲ್ಲ ಬದಲಾದ ಟ್ರಕ್ಕು ಅದೇ ಟ್ರಕ್ಕೇ? ಗ್ರೀಕ್ ಲೇಖಕ ಪ್ಲೂಟಾರ್ಕ್ ಥೀಸಿಯಸ್‌ನ ಹಡಗಿನ ಬಗ್ಗೆ ಇದೇ ಜಿಜ್ಞಾಸೆಯನ್ನು ದಾಖಲಿಸಿದ್ದಾನೆ. ಕೊಳೆತ ಹಲಗೆಗಳನ್ನೆಲ್ಲ ಬದಲಿಸುತ್ತಾ ಹೋದರೆ ಉಳಿಯುವ ಹಡಗು ಯಾವುದು? ತತ್ವಜ್ಞಾನಿಗಳು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಆದರೆ ಬದುಕಿಗೆ ಹತ್ತಿರವಾದ ಪ್ರಶ್ನೆ ಬೇರೆಯದು. ಬದಲಾಯಿಸಿದ್ದನ್ನು ನಾವು ಬಚ್ಚಿಡುತ್ತೇವೆಯೇ?

ಮುಚ್ಚಳದೊಳಗಿನ ಮಾಡ್ಯೂಲ್ ಹೊರಗೆ ಕಾಣುವುದಿಲ್ಲ. ಬದಲಿಸುವುದು ತಪ್ಪಲ್ಲ, ಅದನ್ನು ಮರೆಮಾಚಿ, ಎಲ್ಲವೂ ಮೂಲದ್ದೇ ಎಂದು ಹೇಳಿ ಹೆಚ್ಚಿನ ಬೆಲೆಗೆ ಮಾರುವುದು ಮೋಸ. ಇನ್ನೊಂದು ಕಡೆ, ಮೂಲ ರೂಪದ ವ್ಯಾಮೋಹಕ್ಕೆ ಬಿದ್ದು ನಡುರಸ್ತೆಯಲ್ಲಿ ನಿಂತುಬಿಡುವ ವಾಹನವನ್ನು ಓಡಿಸಿದರೆ ಹಿಂದೆ ಬರುವವರ ಪ್ರಾಣಕ್ಕೇ ಅಪಾಯ. ವಸ್ತುವಿನ ಮೇಲಿನ ಪ್ರೀತಿ ಮನುಷ್ಯರ ಮೇಲಿನ ಹೊಣೆಗಿಂತ ದೊಡ್ಡದಾಗಬಾರದು.

ಹಾಗೆಂದು ದುರಸ್ತಿಯನ್ನು ಹಗುರವಾಗಿ ಕಾಣುವಂತಿಲ್ಲ. ಕೆಟ್ಟ ಮಾಡ್ಯೂಲನ್ನು ರಸ್ತೆ ಬದಿಯಲ್ಲಿ ಬಿಚ್ಚಿ ಸರಿಪಡಿಸಲಾಗದು. ಸುಟ್ಟ ಪಾಯಿಂಟನ್ನಾದರೋ ಅರದಿಂದ ಉಜ್ಜಿ, ಅಂತರ ಸರಿಮಾಡಿ ಮನೆ ತಲುಪಬಹುದು. ಪ್ರತಿಯೊಂದನ್ನೂ ಎಸೆಯುವ ಸಮಾಜ ಲೋಹದ ಜೊತೆಗೆ ಇಂಥ ಕೈಕಸುಬಿನ ತಿಳಿವಳಿಕೆಯನ್ನೂ ಎಸೆಯುತ್ತದೆ.

ಆದ್ದರಿಂದ ಮೊದಲು ಸರಿಪಡಿಸಲು ಯತ್ನಿಸೋಣ. ಸಾಧ್ಯವಾಗದಿದ್ದರೆ ಸಂಕೋಚವಿಲ್ಲದೆ ಬದಲಿಸೋಣ. ಕಳಚಿದ ಹಳೆಯ ಭಾಗವನ್ನು ಟ್ರಕ್ಕಿನೊಂದಿಗೇ ಇಟ್ಟು, ಕೊಳ್ಳುವವನಿಗೆ ಅದನ್ನು ತೋರಿಸಿ ನಿಜ ಹೇಳಿದರೆ, ಬೆಲೆ ತುಸು ಇಳಿದರೂ ಅವನ ನಂಬಿಕೆ ಉಳಿಯುತ್ತದೆ.